ಒಣ ಹುಳುವಿನ ಪ್ಯಾಕೆಟ್ ನಿಲ್ಲುತ್ತಿದೆ, ಇನ್ನು ಬಿತ್ತನೆ ಹುಳು ಮಾತ್ರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ನೇರ ವಿಷಯಕ್ಕೆ ಬರುತ್ತೇವೆ. ಮುಂದಿನ ತಿಂಗಳಿನಿಂದ ನಮ್ಮ ಸಂಘದಲ್ಲಿ ಒಣಗಿಸಿದ ಮೀಲ್‌ವರ್ಮ್ (ಕೋಳಿಗೆ ತಿನ್ನಿಸುವ, ಒಂದು ಬಗೆಯ ಜೀರುಂಡೆಯ ಮರಿಹುಳು) ಪ್ಯಾಕೆಟ್ ಸಿಗುವುದಿಲ್ಲ. ಅದರ ಬದಲು ಜೀವಂತ ಬಿತ್ತನೆ ಹುಳುವಿನ ಡಬ್ಬಿ ಕೊಡುತ್ತೇವೆ. ಒಂದು ಡಬ್ಬಿಯಲ್ಲಿ ಸುಮಾರು ಸಾವಿರ ಹುಳು, ತೂಕದಲ್ಲಿ 100 ಗ್ರಾಂ ಆಸುಪಾಸು, ಜೊತೆಗೆ ಒಂದಿಷ್ಟು ಗೋಧಿ ಬೂಸಾ ಇರುತ್ತದೆ. ಒಮ್ಮೆ ಒಯ್ದು ಸರಿಯಾಗಿ ಸಾಕಿದರೆ ಮತ್ತೆ ನಮ್ಮಿಂದ ಹುಳು ಕೊಳ್ಳುವ ಅಗತ್ಯವೇ ಬರಬಾರದು. ಇದರಿಂದ ಸಂಘದ ವ್ಯಾಪಾರ ಕಡಿಮೆಯಾಗುತ್ತದೆ. ಅದು ಗೊತ್ತಿದ್ದೇ ಸದಸ್ಯರೆಲ್ಲ ಒಪ್ಪಿದ್ದಾರೆ.

ಯಾಕೆ ಅಂತ ಕೇಳುತ್ತೀರಿ. ಹುಳುವಿನ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಒಂದು ಕೆಜಿ ಒಣ ಹುಳು ಬೇಕೆಂದರೆ ಹೆಚ್ಚುಕಡಿಮೆ ಮೂರು ಕೆಜಿ ಹಸಿ ಹುಳು ಹೋಗುತ್ತದೆ, ಮೇಲೆ ಕರೆಂಟಿನ ಖರ್ಚು, ಅದೆಲ್ಲ ಸೇರಿ ನೀವು ಹುಳುವಿಗಿಂತ ಜಾಸ್ತಿ ಒಣಗಿಸಿದ್ದಕ್ಕೇ ದುಡ್ಡು ಕೊಡುತ್ತಿದ್ದೀರಿ. ಇನ್ನೊಂದು, ಒಣ ಹುಳುವಿನಲ್ಲಿ ಸುಮಾರು ಕಾಲು ಭಾಗ ಕೊಬ್ಬು. ಮಳೆಗಾಲದಲ್ಲಿ ಒಡೆದ ಪ್ಯಾಕೆಟ್ಟು ಬೇಗ ಕಮಟು ವಾಸನೆ ಹಿಡಿಯುತ್ತದೆ. ಮಂಗಳೂರು, ಉಡುಪಿ ಕಡೆಯ ಗ್ರಾಹಕರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ಕಮಟು ಕೊಬ್ಬು ಕೋಳಿಗೆ ಒಳ್ಳೆಯದಲ್ಲ. ಹಿತ್ತಲಿನಲ್ಲಿ ನಾಲ್ಕೈದು ಹೇಂಟೆ ಸಾಕಿದವರು, ಒಂದು ಹಿಡಿ ಬೂಸಾ ಮತ್ತು ಕ್ಯಾರೆಟ್ ತುದಿಯಲ್ಲಿ ಮನೆಯಲ್ಲೇ ಬೆಳೆಯುವ ವಸ್ತುವಿಗೆ ತಿಂಗಳು ತಿಂಗಳೂ ಇಷ್ಟು ಖರ್ಚು ಮಾಡುವುದು ನಮಗೆ ಸರಿ ಕಾಣಲಿಲ್ಲ.

ಸಾಕುವುದು ಕಷ್ಟವಿಲ್ಲ. ಮನೆಯಲ್ಲಿ ರೇಷ್ಮೆ ಹುಳು ಮೇಯಿಸಿದವರಿಗಂತೂ ಇದು ತುಂಬಾ ಸುಲಭ. ನಯವಾದ ಪ್ಲಾಸ್ಟಿಕ್ ಟ್ರೇ ತೆಗೆದುಕೊಳ್ಳಿ, ಹುಳುವಾಗಲಿ ಜೀರುಂಡೆಯಾಗಲಿ ಅದರ ಗೋಡೆ ಹತ್ತಲಾರವು. ಎರಡು ಮೂರು ಬೆರಳು ದಪ್ಪ ಬೂಸಾ ಹರಡಿ. ನೀರು ಇಡಬೇಡಿ, ಚಿಮುಕಿಸಲೂ ಬೇಡಿ. ಕ್ಯಾರೆಟ್ ಅಥವಾ ಆಲೂಗಡ್ಡೆ ಹೋಳು ಇಟ್ಟರೆ ಬೇಕಾದ ತೇವ ಅದರಿಂದಲೇ ಸಿಗುತ್ತದೆ, ಬೂಷ್ಟು ಹಿಡಿಯುವ ಮೊದಲೇ ಹೋಳನ್ನು ತೆಗೆಯಿರಿ. ಗಾಳಿಯಾಡುವ ಬಟ್ಟೆ ಅಥವಾ ಜಾಲರಿ ಮುಚ್ಚಿ. ಇಲ್ಲದಿದ್ದರೆ ಹಲ್ಲಿಗಳಿಗೆ ಹಬ್ಬ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟರೆ ಇರುವೆ ಬರುವುದಿಲ್ಲ.

ಈಗ ಮುಖ್ಯ ಮಾತು, ಇದನ್ನು ದಯವಿಟ್ಟು ಎರಡು ಸಲ ಓದಿ. ಡಬ್ಬಿ ಬಂದ ದಿನವೇ ಕೋಳಿಗೆ ಹಾಕಬೇಡಿ. ಅದು ಬಿತ್ತನೆ. ಹುಳು ಬಲಿತು ಕೋಶವಾಗಬೇಕು, ಕೋಶದಿಂದ ಜೀರುಂಡೆ ಹೊರಬರಬೇಕು, ಅದು ಮೊದಲು ಬೆಳ್ಳಗಿದ್ದು ಆಮೇಲೆ ಕಂದಾಗಿ ಕಪ್ಪಾಗುತ್ತದೆ, ಆಮೇಲೆ ಬೂಸಾದೊಳಗೆ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ತನ್ನ ಜೀವಿತದಲ್ಲಿ ಕೆಲವು ನೂರು ಮೊಟ್ಟೆ ಇಡುತ್ತದೆ. ಮೊಟ್ಟೆ ಒಂದೆರಡು ವಾರದಲ್ಲಿ ಒಡೆಯುತ್ತದೆ, ಮರಿ ಬಲಿಯಲು ಮತ್ತೆ ಸುಮಾರು ಮೂರು ತಿಂಗಳು. ಇದು 25ರಿಂದ 28 ಡಿಗ್ರಿ ಬಿಸಿಯಲ್ಲಿ. ಚಳಿ ಜಾಸ್ತಿಯಾದರೆ ಇನ್ನೂ ನಿಧಾನ. ಅಂದರೆ ಮೊದಲ ನಾಲ್ಕೈದು ತಿಂಗಳು ಬರೀ ಕಾಯುವ ಕೆಲಸ. ಮಧ್ಯೆ ತಾಳ್ಮೆ ಕೆಟ್ಟು ಹುಳುಗಳನ್ನೆಲ್ಲ ಗೂಡಿಗೆ ಸುರಿದುಬಿಟ್ಟರೆ ಅಲ್ಲಿಗೆ ಮುಗಿಯಿತು. ಕೋಶಗಳನ್ನು ಬೇರೆ ಟ್ರೇಗೆ ಎತ್ತಿಡಿ, ಯಾಕೆಂದರೆ ಹಸಿದ ಹುಳು ಕೋಶವನ್ನೇ ಕಚ್ಚಿ ತಿನ್ನುತ್ತದೆ. ಜೀರುಂಡೆ ಟ್ರೇಯನ್ನು ಎರಡು ಮೂರು ವಾರಕ್ಕೊಮ್ಮೆ ಜರಡಿ ಹಿಡಿದು ಜೀರುಂಡೆಗಳನ್ನು ಹೊಸ ಬೂಸಾಕ್ಕೆ ಹಾಕಿ, ಹಳೆಯದನ್ನು ಸುಮ್ನೆ ಬಿಟ್ಟುಬಿಡಿ. ಮೊಟ್ಟೆ ಇರುವುದು ಅದರಲ್ಲೇ.

ಬೂಸಾದ ಬಗ್ಗೆ ಎಚ್ಚರ. ಕೀಟ ಕೊಲ್ಲುವ ಗುಳಿಗೆ ಇಟ್ಟ ಕಾಳಿನದು ಬೇಡ. ತಂದದ್ದನ್ನು ಚೆನ್ನಾಗಿ ಬಿಸಿಲಿಗೆ ಹಾಕಿ, ಇಲ್ಲವೇ ಫ್ರೀಜರಿನಲ್ಲಿ ಕೆಲವು ದಿನ ಇಟ್ಟು ಬಳಸಿ, ಇಲ್ಲದಿದ್ದರೆ ಥಂಡಿಯಲ್ಲಿ ಪುಡಿಯಂಥ ಸಣ್ಣ ನುಸಿ ಏಳುತ್ತದೆ. ಟ್ರೇಗಳನ್ನು ಅಡುಗೆಮನೆಯ ಹಿಟ್ಟು, ಕಾಳುಗಳಿಂದ ದೂರ ಇಡಿ, ಈ ಜೀರುಂಡೆ ಉಗ್ರಾಣದ ಕೀಟವೂ ಹೌದು. ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿ. ಹಿಕ್ಕೆಯ ಧೂಳಿಗೆ ಕೆಲವರಿಗೆ ಸೀನು, ಉಬ್ಬಸ ಬರುತ್ತದೆ. ಆ ಹಿಕ್ಕೆ ಗಿಡಗಳಿಗೆ ಒಳ್ಳೆಯ ಗೊಬ್ಬರ, ಎಸೆಯಬೇಡಿ.

ನುಂಗಿದ ಹುಳು ಕೋಳಿಯ ಹೊಟ್ಟೆ ಕೊರೆಯುತ್ತದೆಯೇ ಅಂತ ಹಲವರು ಕೇಳುತ್ತಾರೆ. ಇಲ್ಲ. ಜಂತುಹುಳು ಬೇರೆ, ಇದು ಜೀರುಂಡೆಯ ಮರಿ. ಕಾಳನ್ನೇ ಅರೆಯುವ ಹೊಟ್ಟೆಗೆ ಈ ಮೆತ್ತನೆ ಹುಳು ಯಾವ ಲೆಕ್ಕ? ಆದರೆ ಹುಳು ಫೀಡಿಗೆ ಬದಲಿ ಅಲ್ಲ, ಅದನ್ನು ಒತ್ತಿ ಹೇಳುತ್ತೇವೆ. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ ಆಹಾರ ಬೇಕು. ನಾಟಿ ಕೋಳಿಯಿರಲಿ, ಗಿರಿರಾಜ, ಸ್ವರ್ಣಧಾರ ಇರಲಿ, ಒಂದಕ್ಕೆ ದಿನಕ್ಕೆ ಹತ್ತು ಹದಿನೈದು ಹುಳು ಸಾಕು. ಹುಳುವಿನಲ್ಲಿ ಪ್ರೋಟೀನ್ ಇದೆ, ಆದರೆ ಸುಣ್ಣದ ಅಂಶ ತೀರಾ ಕಡಿಮೆ. ಹಾಗಾಗಿ ಚಿಪ್ಪಿನ ಪುಡಿ ಯಾವಾಗಲೂ ಬೇರೆ ಬಟ್ಟಲಲ್ಲಿ ಇಡಿ. ಪುಕ್ಕ ಉದುರಿ ಹೊಸದು ಬರುವ ಹೊತ್ತಿನಲ್ಲಿ ಹುಳು ಸ್ವಲ್ಪ ಜಾಸ್ತಿ ಕೊಡಬಹುದು. ಸಣ್ಣ ಮರಿಗಳಿಗೆ ಆಗಷ್ಟೇ ಪೊರೆ ಬಿಟ್ಟ ಬಿಳಿ ಹುಳುಗಳನ್ನು ಆರಿಸಿ ಹಾಕಿ.

ಮಾರ್ಚಿನಿಂದ ಮೇ ತನಕ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಗೆ ಡಬ್ಬಿ ಕಳಿಸುವುದಿಲ್ಲ. ಆ ಬಿಸಿಲಿನಲ್ಲಿ ದಾರಿಯಲ್ಲೇ ಸಾಯುತ್ತವೆ. ಆ ಜಿಲ್ಲೆಯವರು ಚಳಿಗಾಲ ಮುಗಿಯುವುದರೊಳಗೆ ತರಿಸಿಕೊಳ್ಳಿ, ಬೇಸಿಗೆಯಲ್ಲಿ ಟ್ರೇಗಳನ್ನು ಮನೆಯ ತಣ್ಣನೆಯ ಮೂಲೆಯಲ್ಲಿ, ನೆಲದ ಹತ್ತಿರ ಇಡಿ.

ಒಣ ಪ್ಯಾಕೆಟ್ಟಿಗೆ ಮುಂಗಡ ಕೊಟ್ಟವರ ದುಡ್ಡು ಪೂರ್ತಿ ವಾಪಸ್ ಬರುತ್ತದೆ. ಬೇಕಿದ್ದರೆ ಅದರಲ್ಲೇ ಡಬ್ಬಿ ಪಡೆದು ಉಳಿದದ್ದನ್ನು ತೆಗೆದುಕೊಳ್ಳಬಹುದು. ಉಳಿದಿರುವ ಒಣ ಹುಳು, ಡಬ್ಬಿ ಒಯ್ದವರಿಗೆ ಮೊದಲು. ನಿಮ್ಮ ಟ್ರೇಯ ಹುಳು ಕೈಗೆ ಬರುವ ತನಕ ಅದು ಆಸರೆಯಾಗಲಿ. ಎಲ್ಲಾದರೂ ತೊಡಕಾದರೆ ಟ್ರೇಯ ಫೋಟೊ ತೆಗೆದು ಸಂಘದ ವಾಟ್ಸಾಪಿಗೆ ಹಾಕಿ, ನೋಡಿ ಹೇಳುತ್ತೇವೆ.

ಇಂತಿ,
ಸಂಘದ ಹುಳು ಸಾಕಣೆ ವಿಭಾಗದವರು