ಟಿವಿ ಕೂಡ್ಸಾಕ ಬಂದ ಹುಡುಗ ನಮ್ಮ ಪರವಾಗಿ ಒಪ್ಪಿಗಿ ಒತ್ತಬಾರ್ದು

ಸಂಪಾದಕರಿಗೆ ನಮಸ್ಕಾರ್ರೀ,

ದಸರಾ ದೀಪಾವಳಿ ಆಫರ್‌ನ್ಯಾಗ ನಮ್ಮ ಹುಬ್ಬಳ್ಳಿ-ಧಾರವಾಡದಾಗ ಭಾಳ ಮನಿಗೆ ಸ್ಮಾರ್ಟ್ ಟಿವಿ ಬಂದಾವು, ಇಎಂಐ ಮ್ಯಾಲ ಕೊಡ್ತಾರ, ಹಳೇ ಡಬ್ಬಾ ಟಿವಿನೂ ವಾಪಸ್ ತೊಗೋತಾರ, ಛೊಲೋನ ಆತು. ಆದ್ರ ಟಿವಿ ಕೂಡ್ಸೂ ದಿನಾ ಮನಿ ಮಂದಿನ ಕೇಳ್ಲಾರ್ದ ಒಂದ ಕೆಲಸ ಆಗಿ ಹೋಗ್ತೈತಿ, ಅದರ ಬಗ್ಗೆ ನಮ್ಮ ಪೇಪರಿನ್ಯಾಗ ಯಾರೂ ಬರ್ದಿದ್ದು ನಾ ನೋಡಿಲ್ಲ, ಅದಕ್ಕ ಈ ಪತ್ರ.

ನಮ್ಮನಿಗೆ ಬಂದ ಹುಡುಗ ಗ್ವಾಡಿಗೆ ಡ್ರಿಲ್ ಹೊಡ್ದು ಸ್ಟ್ಯಾಂಡ್ ಕೂಡ್ಸಿ ವೈಫೈ ಪಾಸ್‌ವರ್ಡ್ ಕೇಳಿ ಹಾಕಿದ. ಆಮ್ಯಾಲ ಪರದಿ ತುಂಬ ಉದ್ದಕ ಇಂಗ್ಲಿಷ್ ಬಂತು, ಸಣ್ಣ ಅಕ್ಷರ, ಅವ ಒಂದ ಸಾಲೂ ಓದ್ಲಾರ್ದ ಎಲ್ಲಾದಕ್ಕೂ ಒಪ್ಪಿಗಿ ಅನ್ನೂ ಬಟನ್‌ಗೆ ಹೋಗಿ ಟಕ್ಕನ ಓಕೆ ಒತ್ತಿದ. "ತಮ್ಮಾ, ಏನಪಾ ಅದು ಒತ್ತಿದ್ದು?" ಅಂದೆ. "ಏನಿಲ್ರೀ ಅಕ್ಕಾರ, ಎಲ್ಲಾರ ಮನ್ಯಾಗೂ ಇದ ಒತ್ತೂದು, ಇಲ್ಲಂದ್ರ ಯೂಟ್ಯೂಬ್ ಬರಂಗಿಲ್ಲ" ಅಂದ. ಅವನ ಮ್ಯಾಲ ನನಗ ಸಿಟ್ಟಿಲ್ಲ, ಸಂಜಿಯೊಳಗ ಇನ್ನೂ ನವಲೂರಿಗೆ ಹೋಗಿ ಇನ್ನೊಂದ ಟಿವಿ ಕೂಡ್ಸೂದಿತ್ತು ಅವಂಗ, ಅವಂಗ ಯಾರೂ ಹೇಳಿ ಕೊಟ್ಟಿಲ್ಲ. ಮುಂದ ನಮ್ಮ ಮೈದುನನ ಮಗ ಊರಿಗೆ ಬಂದಾಗ ರಿಮೋಟ್ ತೊಗೊಂಡು ಸೆಟ್ಟಿಂಗ್ಸ್ ಒಳಗ ಪ್ರೈವಸಿ ಅನ್ನೂ ಕಡೆ ಹೋಗಿ ತೋರಿಸ್ದ, ಅಲ್ಲೆ ನಾವು ನೋಡೂ ಕಾರ್ಯಕ್ರಮದ ಮಾಹಿತಿ ಕಳ್ಸೂದು ಒಂದ, ನಮ್ಮ ಆಸಕ್ತಿ ನೋಡಿ ಆ್ಯಡ್ ಹಾಕೂದು ಒಂದ, ನಮ್ಮ ದನಿ ತೊಗೊಳ್ಳೂದು ಒಂದ, ಎಲ್ಲಾಕ್ಕೂ ಟಿಕ್ ಬಿದ್ದಿತ್ತು. ಎಲ್ಲಾ ತಗದ್ವಿ. ಯೂಟ್ಯೂಬ್ ಆರಾಮ ಬರ್ತೈತಿ, ಸೀರಿಯಲ್ ಬರ್ತಾವು, ಯಾವದೂ ನಿಂತಿಲ್ಲ. ಅಂದ್ರ ಅವು ಟಿವಿ ನಡಿಯಾಕ ಬೇಕಾದ ಒಪ್ಪಿಗಿನ ಅಲ್ಲ, ಬ್ಯಾರೆಯವರ ಲಾಭಕ್ಕ ಬೇಕಾದ ಒಪ್ಪಿಗಿ.

ನಾವು ಏನ ನೋಡ್ತೀವಿ ಅನ್ನೂದನ್ನ ಟಿವಿನ ಗುರ್ತ ಹಿಡಿಯೂ ಈ ತಂತ್ರಕ್ಕ ಎಸಿಆರ್ (ಆಟೋಮ್ಯಾಟಿಕ್ ಕಂಟೆಂಟ್ ರೆಕಗ್ನಿಷನ್) ಅಂತಾರ. ಪರದಿ ಮ್ಯಾಲ ಬರೂ ಚಿತ್ರದ್ದೋ ದನಿದೋ ಸಣ್ಣ ಸಣ್ಣ ತುಣುಕು ಟಿವಿ ತಾನ ತೊಗೊಂಡು, ಅದರಿಂದ ಬೆರಳಚ್ಚಿನಂಥಾ ಗುರ್ತು ಮಾಡಿ ಇಂಟರ್ನೆಟ್ ಮ್ಯಾಲಿಂದ ಸರ್ವರ್‌ಗೆ ಕಳಸ್ತೈತಿ, ಅಲ್ಲೆ ಇಟ್ಟ ದೊಡ್ಡ ಪಟ್ಟಿ ಜೋಡಿ ಹೊಂದಿಸಿ ನೋಡಿ ಇದು ಇಂಥಾ ಚಾನೆಲ್ಲು, ಇಂಥಾ ಸೀರಿಯಲ್ಲು, ಇಂಥಾ ಆ್ಯಡು ಅಂತ ಕಂಡ್ ಹಿಡೀತಾರ. ಟಿವಿ ಒಳಗಿನ ಆ್ಯಪ್ ಅಷ್ಟ ಅಲ್ರಿ, ಎಚ್‌ಡಿಎಂಐ ವಾಯರ್‌ನಿಂದ ಬರೂ ಕೇಬಲ್ ಚಾನೆಲ್ಲನ್ನೂ ಇದು ಗುರ್ತ ಹಿಡಿಬಲ್ಲದು. ಹಂಗಾಗಿ ನಂದು ಹಳೇ ಸೆಟ್ ಟಾಪ್ ಬಾಕ್ಸು, ಅದಕ್ಕ ಇಂಟರ್ನೆಟ್ಟ ಇಲ್ಲ, ನನಗೇನ ಅಂಜಿಕಿ ಅನ್ನೋರು ಸ್ವಲ್ಪ ವಿಚಾರ ಮಾಡ್ರಿ.

ಸೀರಿಯಲ್ ನೋಡಿದ್ದು ಗೊತ್ತಾದ್ರ ಏನ ಆತು ಅಂತ ನಮ್ಮ ಓಣ್ಯಾಗ ಒಬ್ರು ಕೇಳಿದ್ರು. ಯಾವ ಮನ್ಯಾಗ ಮುಂಜಾನೆ ದಿನಾ ಶುಗರ್ ಡಾಕ್ಟರ್ ಕಾರ್ಯಕ್ರಮ ನೋಡ್ತಾರ, ಯಾವ ಮನ್ಯಾಗ ರಾತ್ರಿ ಎರಡಕ್ಕ ಯಾರಿಗೋ ನಿದ್ದಿ ಬರಂಗಿಲ್ಲ, ಯಾವ ಮನ್ಯಾಗ ಮಧ್ಯಾಹ್ನ ಹುಡುಗೂರು ಅಷ್ಟ ಇರ್ತಾರ, ಯಾವ ಧರ್ಮದ್ದು ಯಾವ ಪಕ್ಷದ್ದು ಭಾಷಣ ಪೂರ್ತಿ ಕೇಳ್ತಾರ, ಯಲ್ಲಮ್ಮನ ಗುಡ್ಡಕ್ಕ ಹೋದಾಗ ಎಷ್ಟ ದಿನಾ ಮನಿ ಬೀಗ ಹಾಕಿತ್ತು, ಇದೆಲ್ಲಾ ಬರೇ ಟಿವಿ ಹಚ್ಚಿದ ಲೆಕ್ಕದಾಗ ಬರ್ತೈತಿ. ನಾವು ಬಾಜು ಮನಿಯವರಿಗೂ ಹೇಳ್ಲಾರ್ದ ಸಂಗತಿ ಇವು.

ಈಗ ಆ್ಯಡಿನ ಮಾತು. ನಮ್ಮ ಅತ್ತಿಯವರಿಗೆ ಸಂಜಿ ಸೀರಿಯಲ್ ಬೇಕ ಬೇಕು, ನನಗೂ ಬೇಕು, ಆದ್ರ ಸೀರಿಯಲ್ ಟೈಮಿಗೇ ರೊಟ್ಟಿ ಬಡಿಯೂದಿರ್ತೈತಿ, ಅದಕ್ಕ ಸೆಟ್ ಟಾಪ್ ಬಾಕ್ಸಿಗೆ ಪೆನ್‌ಡ್ರೈವ್ ಹಾಕಿ ರೆಕಾರ್ಡಿಗೆ ಇಡ್ತೀವಿ, ಊಟ ಆದ ಮ್ಯಾಲ ಆ್ಯಡ್ ಓಡಿಸ್ಕೋಂತ ನೋಡ್ತೀವಿ. ನಮ್ಮಂಥಾ ಮನಿ ಭಾಳ ಅದಾವು. ಕೇಬಲ್ ಟಿವಿ ನಿಯಮದಾಗ ತಾಸಿಗೆ 12 ನಿಮಿಷಕ್ಕಿಂತ ಹೆಚ್ಚ ಆ್ಯಡ್ ಹಾಕಂಗಿಲ್ಲ ಅಂತ ಐತಿ, ಅದರಾಗ ವ್ಯಾಪಾರದ ಆ್ಯಡ್ 10 ನಿಮಿಷ, ಚಾನೆಲ್‌ನವರ ಸ್ವಂತ ಪ್ರಚಾರ 2 ನಿಮಿಷ. ಫೋನು-ಟಿವಿ ಸೇವಾದ ಮ್ಯಾಲ ನಿಗಾ ಇಡೂ ಸರ್ಕಾರಿ ಸಂಸ್ಥೆ ಟ್ರಾಯ್ ಇದನ್ನ ಬಿಗಿ ಮಾಡಾಕ ಹೋದಾಗ ಚಾನೆಲ್‌ನವ್ರು 2013ರಾಗ ದೆಹಲಿ ಹೈಕೋರ್ಟಿಗೆ ಹೋದ್ರು. ಮನ್ಯಾಗ ಕುಂತು ಗಡಿಯಾರ ನೋಡಿದ್ರ ಈ 12 ನಿಮಿಷದ ಲೆಕ್ಕ ಎಲ್ಲೆ ಹೋತು ಅನಸ್ತೈತಿ. ಆ್ಯಡಿನ ರೊಕ್ಕದ ಮ್ಯಾಲ ಚಾನೆಲ್ ನಡೀತಾವು, ಕಲಾವಿದರ ಪಗಾರ ಅದರಾಗ ಬರ್ತೈತಿ ಅನ್ನೂದು ನನಗ ಗೊತ್ತೈತಿ, ಅವರಿಗೆ ರೊಕ್ಕಾ ಬರಬಾರ್ದು ಅಂತ ನಾ ಹೇಳಂಗಿಲ್ಲ. ಆ್ಯಡ್ ಹಾಕ್ರಿ, ಯಾರು ನೋಡಿದ್ರು ಯಾರು ಓಡಿಸಿದ್ರು ಅಂತ ನಮ್ಮ ಪಡಸಾಲ್ಯಾಗ ಕುಂತು ಬರ್ಕೊಬ್ಯಾಡ್ರಿ, ಇಷ್ಟ ನನ್ನ ಮಾತು.

ಇದು ಇವತ್ತಿಂದಲ್ಲ. ಅಮೆರಿಕಾದಾಗ 1999ರಾಗ ಟಿವೋ ಅನ್ನೂ ರೆಕಾರ್ಡಿಂಗ್ ಡಬ್ಬಿ ಬಂತು, ಟಿವಿ ನಿಲ್ಲಿಸಿ, ಹಿಂದ ಮುಂದ ಮಾಡಿ ನೋಡೂದಕ್ಕ ಮಂದಿ ಖುಷಿ ಆದ್ರು. 2004ರಾಗ ಅಲ್ಲಿನ ದೊಡ್ಡ ಫುಟ್‌ಬಾಲ್ ಫೈನಲ್ ನಡುವಿನ ಹಾಡು-ಕುಣಿತದಾಗ ಒಂದ ಕ್ಷಣ ನೋಡಿ ಊರೆಲ್ಲಾ ಗದ್ದಲ ಆತು, ಆ ಕ್ಷಣಾನ ಮಂದಿ ಎಷ್ಟ ಸಲ ತಿರುಗಿಸಿ ತಿರುಗಿಸಿ ನೋಡಿದ್ರು ಅಂತ ಆ ಡಬ್ಬಿ ಕಂಪನಿನ ಹೇಳ್ತು. ಯಾರ ಹೆಸರೂ ಇಲ್ಲ, ಬರೇ ಒಟ್ಟು ಲೆಕ್ಕ ಅಂದ್ರು. ಆದ್ರ ನಾವು ಯಾವ ಬಟನ್ ಯಾವಾಗ ಒತ್ತಿದ್ವಿ ಅನ್ನೂದು ಇವರ ಕಡೆ ಹೋಗಾಕತ್ತೈತಲ್ಲ ಅಂತ ಅಲ್ಲಿನ ಮಂದಿಗೆ ಆವಾಗ ಹೊಳೀತು. ಮುಂದ 2017ರಾಗ ವಿಜಿಯೋ ಅನ್ನೂ ಟಿವಿ ಕಂಪನಿ 1 ಕೋಟಿ 10 ಲಕ್ಷ ಟಿವಿಯಿಂದ ಮಂದಿ ಏನ ನೋಡ್ತಾರ ಅನ್ನೂದನ್ನ ಸೆಕೆಂಡಿನ ಲೆಕ್ಕದಾಗ, ಸರಿಯಾಗಿ ಒಪ್ಪಿಗಿ ಕೇಳ್ಲಾರ್ದ ತೊಗೊಂಡು ಮಾರೇತಿ ಅಂತ ಅಲ್ಲಿನ ವ್ಯಾಪಾರ ಆಯೋಗ ಕೇಸ್ ಹಾಕ್ತು, ಕಂಪನಿ 22 ಲಕ್ಷ ಡಾಲರ್ ಕಟ್ಟಿ ಕೇಸ್ ಮುಗಿಸ್ಕೊಂತು. ಇವೆಲ್ಲಾ ಅಲ್ಲಿನ ಕಥಿ ಅಂತ ಬಿಡಾಕ ಬರಂಗಿಲ್ಲ, ಅದ ಥರದ ಟಿವಿ ಈಗ ನಮ್ಮ ಗ್ವಾಡಿ ಮ್ಯಾಲ ಅದಾವು.

ನಮ್ಮಲ್ಲೂ ಟಿವಿ ನೋಡೂ ಮಂದಿನ ಲೆಕ್ಕಾ ಹಾಕ್ತಾರ, ಟಿಆರ್‌ಪಿ ಅಂತೀವಲ್ಲ ಅದು. ಬಾರ್ಕ್ ಸಂಸ್ಥೆ ದೇಶದಾಗ 50 ಸಾವಿರಕ್ಕೂ ಹೆಚ್ಚ ಮನ್ಯಾಗ ಮೀಟರ್ ಇಟ್ಟೈತಿ, ಆ ಮನಿಯವರನ್ನ ಕೇಳಿ ಇಡ್ತಾರ, ಯಾರು ಟಿವಿ ಮುಂದ ಕುಂತಾರ ಅವ್ರು ತಮ್ಮ ಬಟನ್ ಒತ್ತತಾರ, ಯಾವ ಮನಿ ಅನ್ನೂದು ಗುಟ್ಟಾಗಿ ಇಡ್ತಾರ. ಅದರಾಗೂ 2020ರಾಗ ರೇಟಿಂಗ್‌ನ್ಯಾಗ ಮೋಸ ಆಗೇತಿ ಅಂತ ಮುಂಬೈ ಪೊಲೀಸರು ಟಿಆರ್‌ಪಿ ಕೇಸ್ ಹಾಕಿದ್ದು, ಸುದ್ದಿ ಚಾನೆಲ್ಲಿನ ರೇಟಿಂಗ್ 2022ರ ಮಾರ್ಚ್ ತನಕ ನಿಂತಿದ್ದು ಎಲ್ಲಾರಿಗೂ ನೆನಪೈತಿ. ಆದ್ರೂ ಆ ಮೀಟರ್ ಇಟ್ಟ ಮನಿಗೆ ತಮ್ಮನ್ನ ಎಣಿಸಾಕತ್ತಾರ ಅನ್ನೂದರ ಗೊತ್ತಿರ್ತೈತಿ. ಸ್ಮಾರ್ಟ್ ಟಿವಿ ಇದ್ದ ಮನಿಗೆ ಅದೂ ಗೊತ್ತಿಲ್ಲ. ಇನ್ನ ಸೆಟ್ ಟಾಪ್ ಬಾಕ್ಸಿನಿಂದನೂ ಹಿಂಗ ಲೆಕ್ಕ ವಾಪಸ್ ತರಿಸೂ ತಂತ್ರಜ್ಞಾನ ತರ್ಬೇಕಂತ ಟ್ರಾಯ್ 2020ರಾಗ ಶಿಫಾರಸು ಮಾಡೇತಿ, ಅದು ಬಂದ ಮ್ಯಾಲ ಕೂಗೂದಕ್ಕಿಂತ ಈಗ ಕೇಳೂದು ಛೊಲೋ.

ಕಾಯ್ದೆ ಇಲ್ಲ ಅಂತಲ್ರಿ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವ್ರು ಹಾಕಿದ ಕೇಸಿನ್ಯಾಗ 2017ರ ಆಗಸ್ಟ್ 24ಕ್ಕ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಒಂದ ದನಿಲೆ ಹೇಳ್ಯಾರ, ಆವಾಗ ಪುಟ್ಟಸ್ವಾಮಿಯವರಿಗೆ 90 ದಾಟಿತ್ತು, ಆ ವಯಸ್ಸಿನ್ಯಾಗ ಅವ್ರು ನಮ್ಮೆಲ್ಲಾರ ಸಲುವಾಗಿ ನಿಂತಿದ್ರು ಅನ್ನೂದು ನನಗ ಭಾಳ ದೊಡ್ಡದು ಅನಸ್ತೈತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಾಗ ಒಪ್ಪಿಗಿ ಅಂದ್ರ ತಿಳಿಸಿ ಹೇಳಿ, ಒತ್ತಾಯ ಇಲ್ದ, ಯಾವದಕ್ಕ ಅಂತ ಬಿಡಿಸಿ ತೊಗೊಂಡಿದ್ದು ಇರ್ಬೇಕು, ಒಪ್ಪಿಗಿ ಕೊಡೂದು ಎಷ್ಟ ಸರಳ ಇರ್ತೈತಿ ವಾಪಸ್ ತೊಗೊಳ್ಳೂದೂ ಅಷ್ಟ ಸರಳ ಇರ್ಬೇಕು ಅಂತ ಐತಿ. 18 ವರ್ಷದೊಳಗಿನ ಮಕ್ಕಳ ಬೆನ್ನ ಹತ್ತಿ ಅವರಿಗಂತ ಗುರಿ ಇಟ್ಟು ಆ್ಯಡ್ ಹಾಕಂಗಿಲ್ಲ ಅಂತನೂ ಐತಿ, ಮನಿ ಟಿವಿ ಮುಂದ ಕುಂದ್ರೂದು ಹೆಚ್ಚಾಗಿ ಹುಡುಗೂರ ಅಲ್ರಿ? ಮತ್ತ ಸಂವಿಧಾನದ 8ನೇ ಅನುಸೂಚಿಯೊಳಗಿನ ಯಾವ ಭಾಷಾದಾಗ ಬೇಕಾದ್ರೂ ಒಪ್ಪಿಗಿ ಕೇಳೂ ಸೂಚನಾ ಓದೂ ಅವಕಾಶ ಕೊಡ್ಬೇಕು ಅಂತ ಬರ್ದಾರ, ಅಂದ್ರ ಕನ್ನಡದಾಗ ಕೇಳೂದು ಅಭಿಮಾನದ ಮಾತಷ್ಟ ಅಲ್ಲ, ಕಾಯ್ದೆಯೊಳಗ ಇದ್ದ ಮಾತು. ನಿಯಮ 2025ರ ನವೆಂಬರ್‌ನ್ಯಾಗ ಬಂದಾವು, ಮುಖ್ಯ ಭಾಗ ಜಾರಿ ಆಗಾಕ ಕಂಪನಿಗಳಿಗೆ 18 ತಿಂಗಳ ಟೈಮ್ ಕೊಟ್ಟಾರ. ಆ ಟೈಮ್ ಮುಗಿಯೂದರೊಳಗ ಎಷ್ಟ ಮನ್ಯಾಗ ಹಿಂಗ ಟಕ್ಕನ ಓಕೆ ಬಿದ್ದಿರ್ತಾವೋ.

ಹಂಗಾಗಿ ನಮ್ಮ ಕೊಪ್ಪೀಕರ ರಸ್ತೆ, ಸುಭಾಸ ರಸ್ತೆ ಅಂಗಡಿಯವರಿಗೆ ನನ್ನ ವಿನಂತಿ, ಟಿವಿ ಕೂಡ್ಸಾಕ ಕಳ್ಸೂ ಹುಡುಗೂರಿಗೆ ಒಂದ ಮಾತು ಹೇಳಿ ಕಳಸ್ರಿ, ಆ ಪುಟ ಬಂದಾಗ ರಿಮೋಟ್ ಮನಿಯವರ ಕೈಯಾಗ ಕೊಡ್ಬೇಕು, ಯಾವದು ಟಿವಿಗೆ ಬೇಕು ಯಾವದು ಬ್ಯಾಡ ಅಂತ ಎರಡ ನಿಮಿಷ ಹೇಳ್ಬೇಕು. ಗ್ರಾಹಕರ ಸಂಘದವ್ರು ಇದನ್ನ ಕಂಪನಿಗಳಿಗೆ ಬರ್ದು ಕೇಳ್ಬೇಕು, ಕನ್ನಡ ಪುಟ ಎಲ್ಲೈತಿ ಅಂತ. ನಿಮ್ಮ ಪತ್ರಿಕೆಗೂ ಒಂದ ಕೇಳ್ಕೋತೀನಿ, ಒಂದೊಂದ ಕಂಪನಿ ಟಿವಿಯಾಗ ಈ ಬಟನ್ ಬ್ಯಾರೆ ಬ್ಯಾರೆ ಕಡೆ ಬ್ಯಾರೆ ಬ್ಯಾರೆ ಹೆಸರಿಲೆ ಇರ್ತೈತಿ, ಹುಡುಕೂದ ತ್ರಾಸು, ಅದನ್ನ ಯಾವ ಮೆನುದಾಗ ಹೋಗಿ ಹೆಂಗ ಬಂದ್ ಮಾಡೂದು ಅಂತ ಕಂಪನಿವಾರು ಅರ್ಧ ಪುಟದಾಗ ಫೋಟೋ ಹಾಕಿ ಕನ್ನಡದಾಗ ಕೊಡ್ರಿ. ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಆ ಒಪ್ಪಿಗಿ ಪುಟ ಮತ್ತ ಬರಬಹುದು, ಆವಾಗ ಇನ್ನೊಮ್ಮೆ ತಗದ ನೋಡ್ಬೇಕು ಅನ್ನೂದನ್ನೂ ಅದರಾಗ ಸೇರಿಸ್ರಿ.

ನಿಮ್ಮ ಓದುಗಾರ್ತಿ,
ಮಾಳಮಡ್ಡಿ, ಧಾರವಾಡ