ಮಗಳಿಗೊಂದು ಪತ್ರ: ಎರಡು ಮಕ್ಕಳ ಕಾನೂನನ್ನು ತೂಗುವ ಬಗೆ

ಚಿ. ಸುಮಾಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಪ್ರಬಂಧದ ಮೂರನೇ ಅಧ್ಯಾಯ ಓದಿದೆ. ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಪಂಚಾಯಿತಿ ಚುನಾವಣೆಗೆ ನಿಲ್ಲುವಂತಿಲ್ಲ ಅನ್ನುವ ಕಾನೂನು ಬಂದ ಮೇಲೆ ಆಂಧ್ರದಲ್ಲಿ ಸಂತಾನ ದರ ಇಳಿಯಿತು, ಆದ್ದರಿಂದ ಕಾನೂನು ಫಲ ಕೊಟ್ಟಿತು ಎಂದು ಬರೆದಿದ್ದೀಯ. ಇಳಿದದ್ದು ನಿಜ. ಆ 'ಆದ್ದರಿಂದ'ಕ್ಕೆ ಇನ್ನೂ ಆಧಾರ ಸಿಕ್ಕಿಲ್ಲ ಕಣೇ.

ಗಡಿಯ ಈಚೆಗೆ ಒಮ್ಮೆ ನೋಡು. 1992-93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳು ಆಂಧ್ರದಲ್ಲಿ 2.59, ಕರ್ನಾಟಕದಲ್ಲಿ 2.85. ಆಂಧ್ರ 1994ರಲ್ಲಿ ಈ ನಿಯಮ ತಂದಿತು, ನಮ್ಮಲ್ಲಿ ತರಲೇ ಇಲ್ಲ. 2019-21ರ ಐದನೇ ಸಮೀಕ್ಷೆಯ ಹೊತ್ತಿಗೆ ಎರಡೂ ಕಡೆ 1.7. ನಡುವೆ ತೆಲಂಗಾಣ ಬೇರೆಯಾಯಿತು, ಅಲ್ಲಿ 1.8. ಅದನ್ನು ಕೂಡಿಸಿಕೊಂಡೇ ಹೋಲಿಸಬೇಕು. ಹಾಗಂತ ಕಾನೂನಿಲ್ಲದ ಕರ್ನಾಟಕವೇ ಹೆಚ್ಚು ಇಳಿಯಿತು ಎಂದು ಕುಣಿಯಲೂ ಬೇಡ. ಎತ್ತರದಿಂದ ಹೊರಟ ದರಕ್ಕೆ ಇಳಿಯಲು ಜಾಗವೂ ಹೆಚ್ಚು. ನೀನು ಹೇಳಬಹುದಾದದ್ದು ಇಷ್ಟೇ: ಕಾನೂನಿಲ್ಲದಿದ್ದರೂ ಈ ಮಟ್ಟದ ಇಳಿಕೆ ಸಾಧ್ಯವಿತ್ತು.

ಆದ್ದರಿಂದ ಯಾವ ರಾಜ್ಯವನ್ನೇ ತೆಗೆದುಕೊಂಡರೂ ಕಾನೂನು ಬಂದ ವರ್ಷದಿಂದ ಲೆಕ್ಕ ಶುರು ಮಾಡಬೇಡ. ಅದಕ್ಕೂ ಹತ್ತು ವರ್ಷ ಹಿಂದಿನಿಂದ ಮಾದರಿ ನೋಂದಣಿ ವ್ಯವಸ್ಥೆಯ, ಅಂದರೆ ಎಸ್‌ಆರ್‌ಎಸ್‌ನ, ವಾರ್ಷಿಕ ದರಗಳನ್ನು ಗ್ರಾಫಿನಲ್ಲಿ ಹಾಕಿ ಇಳಿಜಾರು ಬದಲಾಯಿತೇ ನೋಡು. ಕಾನೂನು ಬರುವ ಮೊದಲೇ ಗೆರೆ ಅದೇ ವೇಗದಲ್ಲಿ ಇಳಿಯುತ್ತಿದ್ದರೆ ಕಾನೂನಿಗೆ ಸಲ್ಲುವ ಕೀರ್ತಿ ಬಹಳ ಸಣ್ಣದು.

ಚೀನಾದ ಲೆಕ್ಕ ಎಡವಿದ್ದು ಇಲ್ಲೇ. ಒಂದೇ ಮಗು ಸಾಕು ಎಂದು ಕಮ್ಯುನಿಸ್ಟ್ ಪಕ್ಷದ ಸದಸ್ಯರಿಗೆ ಬಹಿರಂಗ ಪತ್ರ ಹೊರಟದ್ದು 1980ರ ಸೆಪ್ಟೆಂಬರ್ 25ರಂದು. ಆದರೆ 1970ರಲ್ಲಿ ಸುಮಾರು 5.8 ಇದ್ದ ದರ 1978ರ ಹೊತ್ತಿಗೇ 3ಕ್ಕಿಂತ ಕೆಳಗೆ ಬಂದಿತ್ತು. ತಡವಾಗಿ ಮದುವೆ, ಹೆರಿಗೆಗಳ ನಡುವೆ ಅಂತರ, ಕಡಿಮೆ ಮಕ್ಕಳು ಅನ್ನುವ ಎಪ್ಪತ್ತರ ದಶಕದ ಅಭಿಯಾನದ ಕಾಲದಲ್ಲಿ ಆದ ಇಳಿಕೆ ಅದು (ಅದರಲ್ಲೂ ಒತ್ತಾಯವಿತ್ತು, ಮರೆಯಬೇಡ). 40 ಕೋಟಿ ಜನನ ತಪ್ಪಿಸಿದೆವು ಎಂಬ ಸರ್ಕಾರಿ ಮಾತು 1970ರವರೆಗಿನ ಜನನ ದರದ ಧಾಟಿಯೇ ಮುಂದುವರಿಯುತ್ತಿತ್ತು ಎಂಬ ಊಹೆಯ ಮೇಲೆ ನಿಂತಿದೆ. ಒಂದೇ ಮಗುವಿನ ನೀತಿಗೆ ಅಷ್ಟನ್ನೂ ಜಮಾ ಮಾಡಲಾಗದು. ಶಾಂಕ್ಸಿ ಪ್ರಾಂತ್ಯದ ಯಿಚೆಂಗ್ ಕೌಂಟಿ ಇದಕ್ಕೆ ಒಳ್ಳೆಯ ಪರೀಕ್ಷೆ. 1985ರಿಂದ ಅಲ್ಲಿ ತಡವಾಗಿ ಮದುವೆಯಾಗಿ ಅಂತರ ಬಿಟ್ಟ ರೈತ ಕುಟುಂಬಗಳಿಗೆ ಎರಡನೇ ಮಗುವಿಗೆ ಅನುಮತಿ ಇತ್ತು. ಜನಸಂಖ್ಯೆ ಉಕ್ಕಲಿಲ್ಲ, ಬೆಳವಣಿಗೆ ದೇಶದ ಸರಾಸರಿಗಿಂತ ಕಡಿಮೆಯೇ ಇತ್ತು.

ಇನ್ನು ಲಿಂಗಾನುಪಾತ. ಇಲ್ಲಿ ನಿನ್ನ ಅಧ್ಯಾಯ ತೀರಾ ತೆಳು. ನಮ್ಮಲ್ಲಿ 1000 ಗಂಡಿಗೆ ಎಷ್ಟು ಹೆಣ್ಣು ಎಂದು ಎಣಿಸುತ್ತಾರೆ, ಚೀನಾದಲ್ಲಿ 100 ಹೆಣ್ಣಿಗೆ ಎಷ್ಟು ಗಂಡು ಎಂದು. 2004ರಲ್ಲಿ ಅಲ್ಲಿ ಹುಟ್ಟುವ ಮಕ್ಕಳಲ್ಲಿ ಅದು 121ರ ಹತ್ತಿರ ಏರಿತ್ತು. ನಮ್ಮ ಲೆಕ್ಕಕ್ಕೆ ತಿರುಗಿಸಿದರೆ 1000ಕ್ಕೆ ಸುಮಾರು 826. ಸಹಜವಾಗಿ 950ರ ಆಸುಪಾಸು ಇರಬೇಕು. ಆದರೆ ಒಟ್ಟು ಸಂಖ್ಯೆಯಿಂದ ಏನೂ ತಿಳಿಯದು, ಜನನ ಕ್ರಮದಂತೆ ಒಡೆದು ನೋಡಬೇಕು. ಮೊದಲ ಮಗು ಹೆಣ್ಣಾದ ಮನೆಗಳಲ್ಲಿ ಎರಡನೇ ಹೆರಿಗೆ ಒಂದು ಗುಂಪು, ಮೊದಲ ಮಗು ಗಂಡಾದ ಮನೆಗಳಲ್ಲಿ ಎರಡನೇ ಹೆರಿಗೆ ಇನ್ನೊಂದು ಗುಂಪು. ಗಂಡೇ ಬೇಕೆಂಬ ಒತ್ತಡ ಕಾಣುವುದು ಮೊದಲ ಗುಂಪಿನಲ್ಲಿ, ಹೋಲಿಕೆಗೆ ಎರಡನೆಯದು. ಕುಟುಂಬ ಆರೋಗ್ಯ ಸಮೀಕ್ಷೆಯ ಹೆರಿಗೆ ಚರಿತ್ರೆಯ ಕಡತದಲ್ಲಿ ಎರಡೂ ಸಿಗುತ್ತವೆ. "ಆರತಿಗೊಬ್ಬಳು, ಕೀರ್ತಿಗೊಬ್ಬ" ಎಂದು ಗೋಡೆ ಮೇಲೆ ಬರೆಸಿದವರು ಎರಡೂ ಆರತಿಯೇ ಆದರೆ ಏನು ಮಾಡಬೇಕೆಂದು ಬರೆಸಲಿಲ್ಲವಲ್ಲ!

ಎಣಿಕೆಯ ಒಂದು ಎಚ್ಚರ. 0.5 ಅನ್ನು ಜನನಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಗಂಡುಮಕ್ಕಳ ಪಾಲಿನ ಪ್ರಮಾಣಿತ ದೋಷ, ಅಂದರೆ ಬರೀ ಆಕಸ್ಮಿಕದಿಂದ ಅಂಕಿ ಎಷ್ಟು ಅಲ್ಲಾಡಬಹುದು ಎಂಬ ಅಳತೆ, ಸಿಗುತ್ತದೆ. 10,000 ಜನನಗಳಿದ್ದರೆ ಅದು 0.005. ಶೇ 95ರ ಭರವಸೆ ಬೇಕೆಂದರೆ 950 ಅನ್ನುವ ಅಂಕಿ ಸುಮಾರು 37ರಷ್ಟು ಆಚೀಚೆ ಹೋಗಬಹುದು. 2,500 ಜನನಗಳಷ್ಟೇ ಇದ್ದರೆ 75ರಷ್ಟು. ಸಮೀಕ್ಷೆ ಊರೂರನ್ನು ಗುಂಪಾಗಿ ಆರಿಸುವುದರಿಂದ ನಿಜವಾದ ದೋಷ ಇನ್ನೂ ಸ್ವಲ್ಪ ಹೆಚ್ಚು. ಜಾತಿ, ಜಿಲ್ಲೆ ಎಂದು ಒಡೆಯುತ್ತ ಹೋದರೆ 25ರ ಇಳಿಕೆಗೆ ಯಾವ ಅರ್ಥವೂ ಉಳಿಯುವುದಿಲ್ಲ.

ಕಾನೂನನ್ನು ಬೈಯುವ ಆತುರದಲ್ಲೂ ಇದೇ ಬಿಗಿ ಇರಲಿ. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಮಕ್ಕಳ ಅನುಪಾತ ಕಾನೂನಿದ್ದ ಹರಿಯಾಣದಲ್ಲಿ 819, ಕಾನೂನಿಲ್ಲದ ಪಂಜಾಬಿನಲ್ಲಿ 798. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ತೋರಿಸುವ ಸ್ಕ್ಯಾನಿಂಗ್ ಯಂತ್ರ ಎರಡೂ ಕಡೆ ಹೊಕ್ಕಿತ್ತು. ಹಲವು ರಾಜ್ಯಗಳನ್ನು ಜೊತೆಗಿಟ್ಟು ನೋಡಿದ ಅರ್ಥಶಾಸ್ತ್ರಜ್ಞರು ಎರಡನ್ನೂ ಕಂಡಿದ್ದಾರೆ: ಸಂತಾನ ದರ ಒಂದಿಷ್ಟು ಇಳಿಯಿತು, ಜೊತೆಗೆ ಮೊದಲ ಮಗು ಹೆಣ್ಣಾದ ಮೇಲ್ಜಾತಿ ಮನೆಗಳಲ್ಲಿ ಲಿಂಗಾನುಪಾತ ಕೆಟ್ಟಿತು. ಎರಡನ್ನೂ ಬರೆ. ಒಂದನ್ನು ಮಾತ್ರ ಬರೆದರೆ ಪರೀಕ್ಷಕರು ಹಿಡಿಯುತ್ತಾರೆ.

ಮುಂದಿನದು, ಪೆಟ್ಟು ಯಾರಿಗೆ ಬಿತ್ತು ಅನ್ನುವುದು. ಐವತ್ತು ದಾಟಿದ ಗಂಡಸಿಗೆ ಮಕ್ಕಳೆಲ್ಲ ಎಂದೋ ಹುಟ್ಟಿ ಮುಗಿದಿರುತ್ತವೆ. ಹರಿಯಾಣದ ಕಾನೂನು ಜಾರಿಯಾದ ಮೇಲೆ ಒಂದು ವರ್ಷದವರೆಗೆ ಹುಟ್ಟಿದ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಗರ್ಭದಲ್ಲಿದ್ದ ಕೂಸಿಗೆ ಅನ್ಯಾಯವಾಗದಿರಲಿ ಎಂದು ಇಟ್ಟದ್ದಾದರೂ ಹಳಬರು ಪೂರ್ತಿ ಪಾರಾದರು. ಮೀಸಲಾತಿಯಿಂದ 21-30ರ ವಯಸ್ಸಿನಲ್ಲಿ ಮೊದಲ ಸಲ ಚುನಾವಣೆಗೆ ಬಂದ ಹೆಣ್ಣುಮಕ್ಕಳು ಸಿಕ್ಕಿಬಿದ್ದರು. ಮೂರನೆಯದು ಬೇಕೋ ಬೇಡವೋ ಎಂಬ ತೀರ್ಮಾನವೂ ಹೆಚ್ಚಿನವರ ಕೈಯಲ್ಲಿ ಇರಲಿಲ್ಲ. ಮಾಜಿ ಐಎಎಸ್ ಅಧಿಕಾರಿ ನಿರ್ಮಲಾ ಬುಚ್ ಐದು ರಾಜ್ಯಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಹೆಂಡತಿಯನ್ನು ಬಿಟ್ಟದ್ದು, ಮಗುವನ್ನು ದತ್ತು ಕೊಟ್ಟದ್ದು, ಗರ್ಭ ತೆಗೆಸಿದ್ದು ಎಲ್ಲವೂ ದಾಖಲಾಗಿವೆ. ದತ್ತು ಕೊಟ್ಟರೂ ಅನರ್ಹತೆ ತಪ್ಪದು ಎಂದು ಒಡಿಶಾದ ಸರಪಂಚರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು.

ಹರಿಯಾಣದ ನಿಯಮವನ್ನು ಪ್ರಶ್ನಿಸಿದ ಜಾವೇದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2003ರ ತೀರ್ಪನ್ನು ಕಾನೂನು ಫಲಿಸಿದ್ದಕ್ಕೆ ಸಾಕ್ಷಿಯೆಂಬಂತೆ ಉಲ್ಲೇಖಿಸಿದ್ದೀಯ. ಅದನ್ನು ಅಲ್ಲಿಂದ ತೆಗೆ. ಚುನಾವಣೆಗೆ ನಿಲ್ಲುವುದು ಮೂಲಭೂತ ಹಕ್ಕಲ್ಲ, ನಿಯಮ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಷ್ಟೇ ಕೋರ್ಟ್ ಹೇಳಿದ್ದು. ಆ ಕೇಸು ಗೆದ್ದ ಹರಿಯಾಣವೇ 2006ರಲ್ಲಿ ನಿಯಮ ಕೈಬಿಟ್ಟಿತು. ಮಧ್ಯಪ್ರದೇಶ, ಹಿಮಾಚಲ, ಛತ್ತೀಸಗಢ ಅದಕ್ಕೂ ಮೊದಲೇ. ಆಂಧ್ರ 2024ರ ನವೆಂಬರಿನಲ್ಲಿ ರದ್ದು ಮಾಡಿತು, ಈಗ ಮುದುಕರೇ ಹೆಚ್ಚಾಗುತ್ತಾರೆ ಎಂಬ ಚಿಂತೆಯಲ್ಲಿ.

ತುರ್ತು ಪರಿಸ್ಥಿತಿಯ ಅಂಕಿಗಳಿಗೆ ಒಂದೇ ಸಾಲು ಸಾಕು: 1976-77ರಲ್ಲಿ ಸುಮಾರು 82 ಲಕ್ಷ ಸಂತಾನಹರಣ ಆಪರೇಶನ್, ಬಹುಪಾಲು ಗಂಡಸರಿಗೆ, ಮರುವರ್ಷ 10 ಲಕ್ಷಕ್ಕಿಂತ ಕಡಿಮೆ. ಗಂಡಸರು ಆಮೇಲೆ ಹತ್ತಿರ ಸುಳಿಯಲಿಲ್ಲ. ಐದನೇ ಸಮೀಕ್ಷೆಯಲ್ಲಿ ದಂಪತಿಗಳ ಪೈಕಿ ಹೆಂಗಸರ ಆಪರೇಶನ್ ಆದವರು ಶೇ 37.9, ಗಂಡಸರದು ಶೇ 0.3.

ಕೊನೆಗೆ, ಜನನ ನೋಂದಣಿಯ ಅಂಕಿಗಳನ್ನು ಹಾಗೇ ನಂಬಬೇಡ. ಮೂರನೇ ಮಗು ಹುಟ್ಟಿದರೆ ಶಿಕ್ಷೆ ಅನ್ನುವ ಕಡೆ ಮೂರನೇ ಮಗು ಕಾಗದದ ಮೇಲೆ ಹುಟ್ಟುವುದೇ ಇಲ್ಲ, ಇಲ್ಲವೇ ಅಣ್ಣನ ಮನೆಯಲ್ಲಿ ಹುಟ್ಟುತ್ತದೆ. 2010ರ ಜನಗಣತಿಯಂತೆ ಚೀನಾದಲ್ಲಿ ದಾಖಲೆಯಿಲ್ಲದೆ ಉಳಿದಿದ್ದವರು ಸುಮಾರು 1.3 ಕೋಟಿ, ಅವರಲ್ಲಿ ಹೆಚ್ಚಿನವರು ಹೀಗೆ ಹುಟ್ಟಿದವರು. ಅಳೆಯುವ ಅಂಕಿಯನ್ನೇ ಕಾನೂನು ಕೆಡಿಸಿಬಿಡುತ್ತದೆ. ಪತ್ತೆ ಮಾಡಲು ಒಂದನೇ ತರಗತಿಯ ದಾಖಲಾತಿ ತೆಗೆದುಕೊಂಡು, ಆರು ವರ್ಷ ಹಿಂದಿನ ನೋಂದಾಯಿತ ಜನನಗಳಲ್ಲಿ ಆರು ವರ್ಷದೊಳಗೆ ತೀರಿಕೊಂಡವರನ್ನು ಕಳೆದು ಹೋಲಿಸು. ಶಾಲೆಯಲ್ಲಿ ಮಕ್ಕಳು ಹೆಚ್ಚಿದ್ದರೆ, ಫೇಲಾಗಿ ಉಳಿದವರನ್ನೂ ವಲಸೆ ಬಂದವರನ್ನೂ ಕಳೆದ ಮೇಲೆ ಸಿಗುವುದೇ ಮುಚ್ಚಿಟ್ಟ ಮಕ್ಕಳ ಅಂದಾಜು. ಕಾನೂನು ಹೇಳಿದ ಗಡುವಿನ ಆಸುಪಾಸಿನ ಮೂರು ತಿಂಗಳಲ್ಲಿ ಹುಟ್ಟಿದ ದಿನಾಂಕಗಳು ಗುಂಪುಗೂಡಿವೆಯೇ ಎಂದೂ ನೋಡು. ಗೂಡಿದ್ದರೆ ತಿದ್ದಿದ ಸರ್ಟಿಫಿಕೇಟುಗಳಿವೆ ಎಂದು ಶಂಕಿಸು.

ಹರಿಯಾಣ-ಪಂಜಾಬ್, ಆಂಧ್ರ-ಕರ್ನಾಟಕ, ಈ ಎರಡು ಜೋಡಿಗಳ ಎಸ್‌ಆರ್‌ಎಸ್ ದರಗಳನ್ನು 1984ರಿಂದ 2005ರವರೆಗೆ ಒಂದೇ ಹಾಳೆಯಲ್ಲಿ ಹಾಕಿ ಕಳಿಸು. ಲಿಂಗಾನುಪಾತಕ್ಕೆ ಮಾತ್ರ ಮೂರು ವರ್ಷದ ಸರಾಸರಿ ತೆಗೆದುಕೋ.

ನಿನ್ನ,
ಅಮ್ಮ