ಕೆಜಿಎಫ್‌ನ ಹಳೆಯ ಸಮಾಧಿಭೂಮಿಗೆ ಮಕ್ಕಳ ನಡಿಗೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ನವೆಂಬರ್ 2ರ ನಂತರ ಬರುವ ಶನಿವಾರ ನಮ್ಮ ಶಾಲೆಯ 8 ಮತ್ತು 9ನೇ ತರಗತಿಯ ಮಕ್ಕಳನ್ನು ಕೆಜಿಎಫ್‌ನ ಹಳೆಯ ಕ್ರೈಸ್ತ ಸಮಾಧಿಭೂಮಿಗೆ ಕರೆದುಕೊಂಡು ಹೋಗಲು ನಿಶ್ಚಯಿಸಿದ್ದೇವೆ. ಈ ಪತ್ರ ನಿಮ್ಮ ಕೈಸೇರುವ ಮೊದಲೇ ಮಕ್ಕಳ ಬಾಯಿಂದ ಸುದ್ದಿ ಮನೆಗಳನ್ನು ತಲುಪಿದೆ ಎಂಬುದು ನನಗೆ ಗೊತ್ತು. ಕಳೆದ ವಾರ ಮೂವರು ತಾಯಂದಿರು ಶಾಲೆಗೆ ಬಂದಿದ್ದರು. ಅವರಲ್ಲೊಬ್ಬರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು: "ಮೇಡಂ, ಬೇಲೂರು, ಹಳೇಬೀಡು ಎಲ್ಲ ಇರುವಾಗ ಬೆಳೆಯುವ ಮಕ್ಕಳನ್ನು ಮಸಣಕ್ಕೆ ಕರೆದುಕೊಂಡು ಹೋಗುತ್ತೀರಾ?"

ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಾನೂ ಇದೇ ಸೀಮೆಯಲ್ಲಿ ಬೆಳೆದವಳು. ಸಾವಿನ ಮನೆಗೆ ಹೋಗಿ ಬಂದರೆ ಹಿತ್ತಿಲಲ್ಲೇ ತಲೆಗೆ ನೀರು ಸುರಿದುಕೊಂಡು ಒಳಗೆ ಬರಬೇಕು ಎಂದು ನಮ್ಮಜ್ಜಿ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಹಾಗಾಗಿ ಅಂದು ನಾಲ್ಕು ಮಾತಿನಲ್ಲಿ ಮುಗಿಸಿದ ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಊರುಗಳಲ್ಲಿ ಸತ್ತವರು ಬದುಕಿರುವವರಿಂದ ಬಹಳ ದೂರ ಇರುವವರಲ್ಲ. ಮಹಾಲಯ ಅಮಾವಾಸ್ಯೆಯ ದಿನ ತಾತನಿಗೆ ಇಷ್ಟವಾಗಿದ್ದ ತಿಂಡಿಯನ್ನೇ ಮಾಡಿ ಎಡೆ ಇಡುತ್ತೇವೆ. ಶಬ್-ಎ-ಬರಾತ್ ರಾತ್ರಿ ನಮ್ಮ ಮುಸ್ಲಿಂ ಮಕ್ಕಳು ತಂದೆಯ ಜೊತೆ ಖಬರಸ್ತಾನಕ್ಕೆ ಹೋಗಿ ಹಿರಿಯರ ಗೋರಿಗಳ ಬಳಿ ಪ್ರಾರ್ಥಿಸುತ್ತಾರೆ. ನವೆಂಬರ್ 2 ಕ್ರೈಸ್ತರಿಗೆ ಮೃತರ ಸ್ಮರಣೆಯ ದಿನ. ಅಂದು ಕಳೆ ಕಿತ್ತು, ಸಮಾಧಿ ತೊಳೆದು, ಹೂವಿಟ್ಟು ಮೋಂಬತ್ತಿ ಹಚ್ಚುತ್ತಾರೆ. ಅದರ ಮರುವಾರವೇ ಹೋಗಬೇಕೆಂದು ನಾನು ಹಟ ಹಿಡಿದದ್ದಕ್ಕೆ ಇದೂ ಒಂದು ಕಾರಣ. ಆಗ ಹುಲ್ಲು ಸವರಿರುತ್ತದೆ, ದಾರಿ ಬಿಡಿಸಿರುತ್ತದೆ, ಹಾವು ಹುಳುಗಳ ಭಯ ಕಡಿಮೆ. ಕಲ್ಲುಗಳ ಮೇಲೆ ಬಾಡಿದ ಚೆಂಡುಹೂವು ಇನ್ನೂ ಇರುತ್ತದೆ. ಯಾರನ್ನು ಈಗಲೂ ನೆನೆಯುವವರಿದ್ದಾರೆ, ಯಾರಿಗೆ ಯಾರೂ ಉಳಿದಿಲ್ಲ ಎಂಬುದನ್ನು ಮಕ್ಕಳು ಆ ಹೂವುಗಳನ್ನು ನೋಡಿಯೇ ತಿಳಿಯಬಹುದು.

ಕಳೆದ ವರ್ಷ ಇದೇ ಹೊತ್ತಿಗೆ ಕೋಲಾರದ ಮಕ್ಬರಾಕ್ಕೆ ಹೋಗಿದ್ದೆವು. ಹೈದರ್ ಅಲಿಯ ತಂದೆ ಫತೇ ಮುಹಮ್ಮದ್ ಅವರ ಸಮಾಧಿ ಇರುವ ಜಾಗ ಅದು. ಹೈದರ್ ಹುಟ್ಟಿದ್ದು ನಮ್ಮ ತಾಲ್ಲೂಕಿನ ಬೂದಿಕೋಟೆಯಲ್ಲಿ ಎಂಬುದನ್ನು ಮಕ್ಕಳು ಪುಸ್ತಕದಲ್ಲಿ ಓದಿದ್ದರು. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ತೀರಿಕೊಂಡಾಗ ಅವನ ದೇಹವನ್ನು ಮೊದಲು ತಂದದ್ದು ಕೋಲಾರದ ಈ ತಂದೆಯ ಸಮಾಧಿಯ ಬಳಿಗೇ, ಶ್ರೀರಂಗಪಟ್ಟಣದ ಗುಂಬಜ್‌ಗೆ ಸಾಗಿಸಿದ್ದು ಆಮೇಲೆ ಎಂದು ಅಲ್ಲಿ ಹೇಳಿದೆ. ಇಡೀ ಗುಂಪು ಗಪ್‌ಚುಪ್ಪಾಯಿತು. ಒಬ್ಬ ಹುಡುಗ ದಣಿವಿನಿಂದ ಅಲ್ಲಿದ್ದ ಗೋರಿಯೊಂದರ ಅಂಚಿನಲ್ಲಿ ಕೂತುಬಿಟ್ಟಿದ್ದ. ಅಲ್ಲೇ ಕಸ ಗುಡಿಸುತ್ತಿದ್ದ ಹಿರಿಯರೊಬ್ಬರು ಪೊರಕೆ ಕೆಳಗಿಟ್ಟು ಹತ್ತಿರ ಬಂದರು. ಬೈಯಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು, "ಮಗೂ, ಅವರು ಮಲಗಿದ್ದಾರೆ, ನೀನು ಈ ಕಡೆ ಬಾ" ಎಂದರು. ಆ ಹುಡುಗ ಇಂದಿಗೂ ಪ್ರಾರ್ಥನೆಯ ಸಾಲಿನಲ್ಲಿ ಯಾರಾದರೂ ತಳ್ಳಾಡಿದರೆ ಅದೇ ದನಿಯಲ್ಲಿ ಮೆಲ್ಲಗೆ ಹೇಳುತ್ತಾನೆ. ತರಗತಿಯಲ್ಲಿ ನಾನು ವರ್ಷವಿಡೀ ಕೂಗಿ ಕಲಿಸಲಾಗದ್ದನ್ನು ಆ ಹಿರಿಯರು ಒಂದು ಮಾತಿನಲ್ಲಿ ಕಲಿಸಿದರು.

ಈ ಸಲ ಕೆಜಿಎಫ್. ನಿಮ್ಮಲ್ಲಿ ಎಷ್ಟೋ ಜನರ ತಾತಂದಿರು ಗಣಿಗೆ ಇಳಿದವರು, ಇಲ್ಲವೇ ಗಣಿಗೆ ಹಾಲು, ಸೊಪ್ಪು, ಸೌದೆ ಹೊತ್ತವರು. ಊರ್ಗಾಂ, ಮಾರಿಕುಪ್ಪಂ ಸುತ್ತಲಿನ ಮಣ್ಣಿನಲ್ಲಿ ಚಿನ್ನವಿದೆ ಎಂದು ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲೇ ವರದಿ ಮಾಡಿದ್ದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಕೆಲಸ ದೊಡ್ಡದಾಗಿ ನಡೆಯಿತು. ಇಂಗ್ಲೆಂಡಿನ ಕಾರ್ನ್‌ವಾಲ್‌ನ ತವರದ ಗಣಿಗಳಿಂದ ಅನುಭವಿ ಕೆಲಸಗಾರರು ಹಡಗು ಹತ್ತಿ ಬಂದರು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬರಗಾಲಕ್ಕೆ ಸಿಕ್ಕಿದ ಕುಟುಂಬಗಳು ತಲೆಯ ಮೇಲೆ ಗಂಟು ಹೊತ್ತು ನಡೆದು ಬಂದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದರು. ಆಗ ಬೆಂಗಳೂರಿನ ಬೀದಿಗಳಲ್ಲೂ ವಿದ್ಯುತ್ ದೀಪ ಇರಲಿಲ್ಲ.

ಆಳದ ಲೆಕ್ಕವನ್ನು ಮಕ್ಕಳಿಗೆ ನಾನು ಹೇಳುವುದು ಹೀಗೆ. ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ. ಅಂಥ ಎರಡು ಎತ್ತರಗಳನ್ನು ಒಂದರ ಮೇಲೊಂದು ಪೇರಿಸಿದರೂ ಚಾಂಪಿಯನ್ ರೀಫ್ ಗಣಿಯ ಆಳಕ್ಕೆ ಸಾಲದು. ಅದು 3,200 ಮೀಟರಿನಷ್ಟು ಕೆಳಗಿಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯೇ ಬಿಸಿ. ಮೇಲಿನ ಭಾರಕ್ಕೆ ಬಂಡೆ ಒಮ್ಮೆಲೇ ಸಿಡಿಯುತ್ತಿತ್ತು. ಗಣಿಯವರು ಅದನ್ನು 'ಏರ್ ಬ್ಲಾಸ್ಟ್' ಎನ್ನುತ್ತಿದ್ದರು. ಅದರಿಂದ ಉಳಿದುಕೊಂಡವರನ್ನು ದೂಳು ಕಾಡುತ್ತಿತ್ತು. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶ ಸೇರಿ ಅದನ್ನು ಗಟ್ಟಿಯಾಗಿಸುತ್ತದೆ. ಆ ಕಾಯಿಲೆಯ ಹೆಸರು ಸಿಲಿಕೋಸಿಸ್. 1940ರ ದಶಕದಲ್ಲಿ ನಡೆದ ತಪಾಸಣೆಯಲ್ಲಿ ಪರೀಕ್ಷೆಗೆ ಒಳಗಾದ ಪ್ರತಿ 100 ಗಣಿ ಕೆಲಸಗಾರರಲ್ಲಿ 40ಕ್ಕೂ ಹೆಚ್ಚು ಮಂದಿಗೆ ಅದು ತಗುಲಿತ್ತು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಷ್ಟರೊಳಗೆ 800 ಟನ್ನಿಗೂ ಹೆಚ್ಚು ಚಿನ್ನ ಹೊರಗೆ ಹೋಗಿತ್ತು.

ಚಿನ್ನ ಹೋಯಿತು, ಜನ ಇಲ್ಲೇ ಉಳಿದರು. ಹಾಗೆ ಉಳಿದವರಲ್ಲಿ ಕೆಲವರು ಈ ಸಮಾಧಿಭೂಮಿಯಲ್ಲಿದ್ದಾರೆ.

ಮಕ್ಕಳನ್ನು ಕರೆದೊಯ್ಯುವ ಮೊದಲು ಜಾಗ ನೋಡಿಕೊಂಡು ಬರಲು ಹಿಂದಿನ ಭಾನುವಾರ ನಾನೊಬ್ಬಳೇ ಹೋಗಿದ್ದೆ. ಬೆಳಗಿನ ಎಂಟು ಗಂಟೆ. ಬೇವು, ಹೊಂಗೆ ಮರಗಳ ಕೆಳಗೆ ಇಬ್ಬನಿ ಆರಿರಲಿಲ್ಲ. ದೇವಕಣಗಿಲೆ ಹೂಗಳು ಕಲ್ಲುಗಳ ಮೇಲೆ ಉದುರಿದ್ದವು. ಮರಗಳ ಸಂದಿಯಿಂದ ನೋಡಿದರೆ ದೂರದಲ್ಲಿ ಅರೆದ ಅದಿರಿನ ಪುಡಿ ರಾಶಿಬಿದ್ದ ಬೂದುಬಿಳಿ ಬಣ್ಣದ ಸೈನೈಡ್ ಗುಡ್ಡ, ಅದರ ಪಕ್ಕದಲ್ಲಿ ಗಣಿಗೆ ಇಳಿಯುವ ಬಾವಿಯ, ಅಂದರೆ ಶಾಫ್ಟ್‌ನ, ತುಕ್ಕು ಹಿಡಿದ ಕಬ್ಬಿಣದ ಗೋಪುರ. ಇಷ್ಟು ನಿಶ್ಶಬ್ದವಾದ, ಇಷ್ಟು ಚೆಂದದ ಜಾಗ ನಮ್ಮ ಮಗ್ಗುಲಲ್ಲೇ ಇದ್ದೂ ಇಷ್ಟು ವರ್ಷ ನಾನು ಕಾಲಿಟ್ಟಿರಲಿಲ್ಲವಲ್ಲ ಎಂದು ಸಂಕಟವಾಯಿತು.

ಒಂದು ಮೂಲೆಯಲ್ಲಿ ಮೊಣಕಾಲೆತ್ತರದ ಪುಟ್ಟ ಕಲ್ಲಿತ್ತು. ಅಕ್ಷರಗಳು ಸವೆದು ಬರೀ ಒರಟು ಮೈಯಂತೆ ಕಾಣುತ್ತಿತ್ತು. ಚೀಲದಲ್ಲಿದ್ದ ಕೈಗನ್ನಡಿ ತೆಗೆದು ಬಿಸಿಲನ್ನು ಪಕ್ಕದಿಂದ ಓರೆಯಾಗಿ ಕಲ್ಲಿನ ಮೇಲೆ ಹಾಯಿಸಿದೆ. ಅಕ್ಷರದ ಕುಳಿಗಳಲ್ಲಿ ನೆರಳು ಕೂತು ಒಂದೊಂದೇ ಸಾಲು ಎದ್ದು ಬಂತು. ಮೊದಲು ಒಂದು ಹೆಣ್ಣುಮಗುವಿನ ಹೆಸರಿನ ತುಂಡು, ಅದರ ಕೆಳಗೆ ವಯಸ್ಸು: 11 ತಿಂಗಳು. ಇಸವಿ ಇದ್ದ ಜಾಗದಲ್ಲಿ ಕಲ್ಲಿನ ಚಕ್ಕೆಯೇ ಎದ್ದುಹೋಗಿತ್ತು. ಸಮುದ್ರ ದಾಟಿ ಬಂದು ಈ ಕೆಂಪು ಮಣ್ಣಿನಲ್ಲಿ ಮಗುವನ್ನು ಇಟ್ಟು ಹೋದ ತಾಯಿ ಯಾರೋ. ಆ ಕಲ್ಲಿನ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ.

ಎದ್ದು ಇನ್ನೂ ಮುಂದೆ ನಡೆದಾಗ ಬೇರೊಂದು ವಿಷಯ ಕಣ್ಣಿಗೆ ಬಿತ್ತು. ಅಚ್ಚುಕಟ್ಟಾದ ಗ್ರಾನೈಟ್ ಕಲ್ಲು, ಶಿಲುಬೆ, ಕೆತ್ತನೆಯೆಲ್ಲ ಒಂದು ಕಡೆ. ಇನ್ನೊಂದು ಕಡೆ ಬರೀ ಮಣ್ಣಿನ ದಿಬ್ಬಗಳು, ಕೆಲವಕ್ಕೆ ತಲೆಯ ಕಡೆ ಒಂದು ಕಾಡುಗಲ್ಲು. ಹೆಸರು ಕೆತ್ತಿಸುವಷ್ಟು ಹಣ ಎಲ್ಲರ ಮನೆಯಲ್ಲೂ ಇರಲಿಲ್ಲ. ಸುಟ್ಟು ಬೂದಿಯಾದವರಿಗೆ, ತಮ್ಮೂರ ಹೊಲದ ಬದಿಯಲ್ಲಿ ಮಣ್ಣಾದವರಿಗೆ ದಿಬ್ಬವೂ ಇಲ್ಲ. ನಮ್ಮ ಹಳ್ಳಿಗಳ ಹೊರಗೆ ವೀರಗಲ್ಲುಗಳಿವೆಯಲ್ಲ, ಕೆಳಗೆ ಹೋರಾಟ, ನಡುವೆ ಅಪ್ಸರೆಯರು, ಮೇಲೆ ಲಿಂಗ, ಅವು ದನ ಕಾಯಲು ಹೋಗಿ ಕಳ್ಳರ ಕೈಯಲ್ಲಿ ಮಡಿದವನಿಗೂ ನಿಲ್ಲಿಸಿದ ಕಲ್ಲುಗಳು. ಸಾವಿರ ವರ್ಷದ ಹಿಂದೆ ದನಗಾಹಿಗೆ ಸಂದ ಮರ್ಯಾದೆ ನೂರು ವರ್ಷದ ಹಿಂದೆ ಗಣಿ ಕೂಲಿಗೆ ಸಲ್ಲಲಿಲ್ಲ. ಇದು ನನ್ನ ಮನಸ್ಸನ್ನು ಬಹಳ ಕೊರೆಯಿತು. ನಡಿಗೆಯ ಜೊತೆಗೆ ಮನೆಯಲ್ಲಿ ಮಾಡುವ ಒಂದು ಕೆಲಸವನ್ನು ಸೇರಿಸಿದ್ದು ಇದೇ ಕಾರಣಕ್ಕೆ.

ಪ್ರತಿ ಮಗುವೂ ಹೊರಡುವ ಮೊದಲು ಮನೆಯ ಹಿರಿಯರೊಬ್ಬರ ಬಳಿ ಕೂತು, ಕುಟುಂಬದಲ್ಲಿ ತೀರಿಕೊಂಡ ಒಬ್ಬರ ಬಗ್ಗೆ ಕೇಳಿ ಬರೆದುಕೊಳ್ಳಬೇಕು: ಹೆಸರು, ಊರು, ಮಾಡುತ್ತಿದ್ದ ಕೆಲಸ, ಅವರು ಆಗಾಗ ಆಡುತ್ತಿದ್ದ ಒಂದು ಮಾತು. ಗಣಿಗೆ ಹೋದವರೇ ಆಗಬೇಕೆಂದಿಲ್ಲ. ಮುತ್ತಜ್ಜಿಯ ಹೆಸರು ಗೊತ್ತಿಲ್ಲದ ಮಕ್ಕಳು ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚಿದ್ದಾರೆ. ದಯವಿಟ್ಟು ಆ ಸಂಜೆ ಟಿವಿ ಆರಿಸಿ ಅರ್ಧ ಗಂಟೆ ಅವರ ಜೊತೆ ಕೂತುಕೊಳ್ಳಿ. ತೆಲುಗಿನಲ್ಲೋ ತಮಿಳಿನಲ್ಲೋ ಉರ್ದುವಿನಲ್ಲೋ ಹೇಳಿದರೂ ಸರಿ, ಮಗು ಕನ್ನಡದಲ್ಲಿ ಬರೆದುಕೊಳ್ಳಲಿ. ಆ ಹಾಳೆಗಳನ್ನೆಲ್ಲ ಸೇರಿಸಿ ಹೊಲಿದು ಶಾಲೆಯ ಗ್ರಂಥಾಲಯದಲ್ಲಿ ಇಡುತ್ತೇವೆ.

ಇನ್ನು ಹೊರಡುವ ವಿಚಾರ. ಬೆಳಿಗ್ಗೆ 7 ಗಂಟೆಗೆ ಎಲ್ಲರೂ ಬಂಗಾರಪೇಟೆ ರೈಲು ನಿಲ್ದಾಣದಲ್ಲಿರಬೇಕು. ಗಣಿಗಾಗಿಯೇ ಹಾಕಿದ ಮಾರಿಕುಪ್ಪಂ ರೈಲುದಾರಿಯಲ್ಲೇ ಹೋಗುತ್ತೇವೆ. ಬಸ್ಸಿಗಿಂತ ಅದೇ ಒಳ್ಳೆಯ ಪಾಠ. ಟಿಕೆಟ್ ಖರ್ಚನ್ನು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಭರಿಸುತ್ತದೆ, ಯಾರೂ ಹಣ ಕೊಡಬೇಕಾಗಿಲ್ಲ. ಚಪ್ಪಲಿ ಬೇಡ, ಶೂ ಹಾಕಿಸಿ. ಟೋಪಿ, ನೀರಿನ ಬಾಟಲಿ, ಚಿತ್ರಾನ್ನವೋ ಚಪಾತಿಯೋ ಒಂದು ಬುತ್ತಿ, ನೋಟ್‌ಬುಕ್, ಪೆನ್ಸಿಲ್, ಮನೆಯಲ್ಲಿದ್ದರೆ ಒಂದು ಸಣ್ಣ ಕೈಗನ್ನಡಿ. ಕಲ್ಲಿನ ಮೇಲೆ ಸೀಮೆಸುಣ್ಣ ಉಜ್ಜುವುದು, ನೀರು ಹಾಕಿ ಕೆರೆಯುವುದು ಬೇಡ. ಅಕ್ಷರಗಳು ಇನ್ನಷ್ಟು ಬೇಗ ಹಾಳಾಗುತ್ತವೆ. ಸಮಾಧಿಗಳ ಮೇಲೆ ಹತ್ತುವುದಾಗಲಿ, ಅಲ್ಲಿ ನಿಂತು ಸೆಲ್ಫಿ ತೆಗೆಯುವುದಾಗಲಿ ಕೂಡದು. ಜಾಗದ ಉಸ್ತುವಾರಿ ನೋಡಿಕೊಳ್ಳುವವರ ಅನುಮತಿ ಪಡೆದಿದ್ದೇವೆ. ಅಂದು ಅಲ್ಲಿ ಯಾರದಾದರೂ ಅಂತ್ಯಸಂಸ್ಕಾರ ಇದ್ದರೆ ಬಾಗಿಲಿನಿಂದಲೇ ಹಿಂದಿರುಗಿ ಇನ್ನೊಂದು ವಾರ ಹೋಗುತ್ತೇವೆ.

ಗಣಿತದ ಮೇಷ್ಟ್ರು ಹುಟ್ಟಿದ ಮತ್ತು ತೀರಿಕೊಂಡ ಇಸವಿಗಳಿಂದ ವಯಸ್ಸಿನ ಸರಾಸರಿ ಲೆಕ್ಕ ಮಾಡಿಸುತ್ತಾರೆ. ವಿಜ್ಞಾನದ ಮೇಡಂ ಮರ, ಹಕ್ಕಿ, ಕಲ್ಲಿನ ಮೇಲಿನ ಪಾಚಿ ತೋರಿಸುತ್ತಾರೆ.

ಸೈನೈಡ್ ಗುಡ್ಡದ ಬಗ್ಗೆ ಒಂದು ಮಾತು ಖಂಡಿತವಾಗಿ ಹೇಳಬೇಕು. ಅದು ನೋಡಲು ಮರಳಿನ ಬೆಟ್ಟದಂತಿದೆ. ಅದಿರನ್ನು ನುಣ್ಣಗೆ ಅರೆದು ಸೈನೈಡ್ ದ್ರಾವಣದಲ್ಲಿ ಚಿನ್ನ ಬಿಡಿಸಿಕೊಂಡ ಮೇಲೆ ಉಳಿದ ಪುಡಿ ಅದು. ಮಕ್ಕಳನ್ನು ಅದರ ಹತ್ತಿರಕ್ಕೂ ಬಿಡುವುದಿಲ್ಲ, ದೂರದಿಂದ ತೋರಿಸುತ್ತೇವೆ. ಗಾಳಿ ಜೋರಾಗಿದ್ದರೆ ಬೇಗ ಹೊರಡುತ್ತೇವೆ. ಉಬ್ಬಸ ಇರುವ ಮಕ್ಕಳ ಪೋಷಕರು ಮುಂಚಿತವಾಗಿ ತಿಳಿಸಿ, ಔಷಧಿಯನ್ನು ಮಗುವಿನ ಚೀಲದಲ್ಲೇ ಇಡಿ.

ಕಳುಹಿಸಲು ಮನಸ್ಸೊಪ್ಪದವರ ಮೇಲೆ ಯಾವ ಒತ್ತಾಯವೂ ಇಲ್ಲ, ಆ ಮಕ್ಕಳಿಗೆ ಅಂದು ಶಾಲೆಯಲ್ಲೇ ತರಗತಿ ನಡೆಯುತ್ತದೆ. ಆದರೆ ಮನೆಯ ಹಿರಿಯರ ಬಗ್ಗೆ ಬರೆಯುವ ಕೆಲಸವನ್ನು ಅವರೂ ಮಾಡಲಿ. ಮನೆಗೆ ಬಂದ ಮೇಲೆ ಸ್ನಾನ ಮಾಡಿಸುವ ಪದ್ಧತಿ ಇರುವವರು ಹಾಗೇ ಮಾಡಿಸಿ. ಮಕ್ಕಳಿಗೆ ನಾನೇ ಹೇಳಿರುತ್ತೇನೆ. ಒಪ್ಪಿಗೆ ಚೀಟಿಗೆ ಸಹಿ ಹಾಕಿ ಬುಧವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ.

ನಿಮ್ಮ ಮನೆಯಲ್ಲಿ ಗಣಿಯಲ್ಲಿ ದುಡಿದ ತಾತ ಇದ್ದು, ನಾಲ್ಕು ಹೆಜ್ಜೆ ನಡೆಯಬಲ್ಲವರಾಗಿದ್ದರೆ ಅವರನ್ನೂ ಕಳುಹಿಸಿ. ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಅವರಿಗೆ. ಊರ್ಗಾಂ, ಚಾಂಪಿಯನ್ ನಿಲ್ದಾಣಗಳು ಬಂದಾಗ ಪಾಳಿಗೆ ಹೋಗುತ್ತಿದ್ದ ದಾರಿ ಯಾವುದು ಎಂದು ಅವರೇ ಮಕ್ಕಳಿಗೆ ಕೈತೋರಿಸಿ ಹೇಳಲಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ, ಬಂಗಾರಪೇಟೆ ತಾಲ್ಲೂಕು, ಕೋಲಾರ ಜಿಲ್ಲೆ